ಬಿಟ್ಟ ಮಾತಿನ ಲೆಕ್ಕ

ಬಿ.ಎ.ಗೆ ಇತಿಹಾಸ ತೆಗೆದುಕೊಂಡಿದ್ದೇನೆ ಎನ್ನುವ ಹುಡುಗ ಹುಡುಗಿಯರಿಗೆ ನಮ್ಮ ಊರುಗಳಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: 'ಹಂಗಾದ್ರೆ ಮುಂದೆ ಬಿ.ಎಡ್. ಮಾಡಿ ಮೇಷ್ಟ್ರಾಗ್ತೀಯ ಅನ್ನು.' ಆ ಮಾತಿನಲ್ಲಿ ಹಾರೈಕೆಯೂ ಇದೆ, ಸೈನ್ಸ್ ಸಿಗಲಿಲ್ಲವೇನೋ ಪಾಪ ಎಂಬ ಕನಿಕರವೂ ಇದೆ. ಇವೆರಡರ ಹಿಂದೆ ಒಂದು ನಂಬಿಕೆಯೂ ಇದೆ. ಇತಿಹಾಸ ಓದುವುದು, ಇತಿಹಾಸ ಹೇಳಿಕೊಡುವುದು ಒಂದೇ ಕೆಲಸದ ಎರಡು ಹಂತ. ಕಾಲೇಜಿನಲ್ಲಿ ತಿಳಿದದ್ದನ್ನು ಶಾಲೆಯಲ್ಲಿ ಹೇಳಿದರೆ ಮುಗಿಯಿತು ಎಂಬ ನಂಬಿಕೆ.

ಹಾಗಿಲ್ಲ ಎಂಬುದು ಈ ಹಾದಿಯಲ್ಲಿ ನಡೆದವರಿಗೆ ಗೊತ್ತು. ಪದವಿ ತರಗತಿಯೂ ಬಿ.ಎಡ್. ತರಗತಿಯೂ ವಿದ್ಯಾರ್ಥಿಯನ್ನು ಎದುರುಬದುರು ದಿಕ್ಕಿಗೆ ಎಳೆಯುತ್ತವೆ. ಒಂದು ವಾಕ್ಯವನ್ನು ಹತ್ತು ಪ್ರಶ್ನೆಯಾಗಿ ಒಡೆಯುವುದನ್ನು ಮೊದಲನೆಯದು ಕಲಿಸುತ್ತದೆ. ಆ ಹತ್ತು ಪ್ರಶ್ನೆಯನ್ನು ಮತ್ತೆ ಒಂದು ವಾಕ್ಯವಾಗಿಸಿ 40 ನಿಮಿಷದ ಪೀರಿಯಡ್‌ನಲ್ಲಿ ಮುಗಿಸುವುದನ್ನು ಎರಡನೆಯದು ಕಲಿಸುತ್ತದೆ. ಈ ಹೋಗಿಬರುವಿಕೆಯಲ್ಲಿ ಒಂದಿಷ್ಟು ಉದುರಿಹೋಗುತ್ತದೆ. ಏನು ಉದುರಿತು, ಅದನ್ನು ಬಿಡುವ ಅಧಿಕಾರ ಮೇಷ್ಟರಿಗೆ ಎಲ್ಲಿಂದ ಬಂತು, ಬಿಟ್ಟ ಮೇಲೆ ಅದರ ಹೊಣೆ ಯಾರದು? ಇತಿಹಾಸ ಓದಿ ಪಾಠ ಮಾಡಲು ಹೊರಟವರು ಒಂದಲ್ಲ ಒಂದು ದಿನ ಈ ಪ್ರಶ್ನೆಯ ಮುಂದೆ ನಿಲ್ಲಲೇಬೇಕು.

ಅಶೋಕ ಬಂಡೆಗಳ ಮೇಲೆ ಶಾಸನ ಕೆತ್ತಿಸಿದ ಎಂಬುದು ಶಾಲೆಯಲ್ಲಿ ಒಂದೇ ಸಾಲಿನ ಸಂಗತಿ. ಅದೇ ಸಾಲು ಪದವಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಆ ಲಿಪಿಯನ್ನು ಓದಬಲ್ಲವರು ಶತಮಾನಗಟ್ಟಲೆ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗುಟ್ಟು ಬಿಡಿಸಿದಾಗ ಓದಿಗೆ ಸಿಕ್ಕಿದ್ದು 'ದೇವಾನಾಂಪಿಯ ಪಿಯದಸಿ' ಎಂಬ ಬಿರುದು. ಅಶೋಕ ಎಂಬ ಹೆಸರು ಕಾಣಲಿಲ್ಲ. ಸಿಂಹಳದ ಬೌದ್ಧ ವೃತ್ತಾಂತಗಳನ್ನು ಪಕ್ಕದಲ್ಲಿಟ್ಟುಕೊಂಡು, ಈ ಪಿಯದಸಿಯೇ ಅಶೋಕನಿರಬೇಕು ಎಂದು ವಿದ್ವಾಂಸರು ತರ್ಕಿಸಿದರು. ಆ ತರ್ಕಕ್ಕೆ ಕಲ್ಲಿನ ಸಾಕ್ಷಿ ದೊರೆತದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನದ ಗಣಿಗೆ ಸಂಬಂಧಪಟ್ಟ ಬೀಡನ್ ಎಂಬ ಇಂಜಿನಿಯರ್ ಕಂಡ ಬಂಡೆಯ ಮೇಲೆ ಅಶೋಕನ ಹೆಸರೇ ಇತ್ತು. ಮಗು ಒಂದು ಉಸಿರಿನಲ್ಲಿ ಓದಿಬಿಡುವ ಸಾಲು ಸುಮಾರು 80 ವರ್ಷ ಊಹೆಯಾಗಿಯೇ ಇತ್ತು. ಇದನ್ನು ತಿಳಿದ ದಿನ ಓದುವ ಹುಡುಗನಿಗೆ ಪಠ್ಯದ ಪ್ರತಿ ಸಾಲಿನ ಹಿಂದೆಯೂ ಯಾರೋ ದುಡಿದಿದ್ದಾರೆ ಅನ್ನಿಸತೊಡಗುತ್ತದೆ. ಪದವಿ ಕೊಡುವ ನಿಜವಾದ ಲಾಭ ಅದು. ಅಂಕಪಟ್ಟಿಯಲ್ಲಿ ಅದು ಕಾಣುವುದಿಲ್ಲ.

ರಕ್ಕಸ-ತಂಗಡಿಯ ಯುದ್ಧವನ್ನೂ ನೋಡಿ. 1565ರ ಜನವರಿ 23, ಕೃಷ್ಣಾ ತೀರ, ಒಂದು ಕಡೆ ವಿಜಯನಗರದ ರಾಮರಾಯ, ಇನ್ನೊಂದು ಕಡೆ ದಖ್ಖನ್ನಿನ ಸುಲ್ತಾನರು, ಕೊನೆಗೆ ಹಂಪಿಯ ಹಾಳು. ಶಾಲೆಯಲ್ಲಿ ಇದು ಎರಡು ಪಾಳಯಗಳ ಕಥೆ. ಕಾಲೇಜಿಗೆ ಬಂದರೆ ಪಾಳಯಗಳು ಕಲಸಿಹೋಗುತ್ತವೆ. ಯುದ್ಧದಲ್ಲಿ ವಿಜಯನಗರದ ಎದುರು ನಿಂತ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ ಹಿಂದೊಮ್ಮೆ ಅಣ್ಣನಿಗೆ ಹೆದರಿ ಓಡಿಬಂದು ಆಶ್ರಯ ಪಡೆದದ್ದು ವಿಜಯನಗರದಲ್ಲೇ. 1550ರಲ್ಲಿ ಪಟ್ಟ ಏರುವವರೆಗೆ ಸುಮಾರು ಏಳು ವರ್ಷ ಅಲ್ಲೇ ಇದ್ದ. ವಿಜಾಪುರದ ಅಲಿ ಆದಿಲ್ ಶಾ ಯುದ್ಧಕ್ಕೆ ಕೆಲವೇ ವರ್ಷ ಮೊದಲು ಇದೇ ರಾಮರಾಯನ ಜೊತೆ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ. ಇಷ್ಟು ತಿಳಿದ ಮೇಲೆ 'ಅವರು' 'ನಾವು' ಎಂದು ಗೆರೆ ಎಳೆದು ಪಾಠ ಮುಗಿಸಲು ಕೈ ತಡೆಯುತ್ತದೆ. ಆದರೆ ಎದುರಿಗೆ ಕೂತದ್ದು ಹನ್ನೆರಡು ಹದಿಮೂರರ ಮಕ್ಕಳು. ಬೆಲ್ಲು ಹೊಡೆಯಲು ಹತ್ತು ನಿಮಿಷ ಉಳಿದಿದೆ.

ಬಿ.ಎಡ್. ಆರಂಭವಾಗುವುದು ಇಲ್ಲಿಂದ. 2015ರಿಂದ ಅದು ಎರಡು ವರ್ಷದ ಕೋರ್ಸು. ಅದರಲ್ಲಿ ವಾರಗಟ್ಟಲೆ ಶಾಲೆಯಲ್ಲೇ ಇದ್ದು ಪಾಠ ಮಾಡಬೇಕು. ಮೊದಲು ಸೂಕ್ಷ್ಮಬೋಧನೆ: ಜೊತೆಯವರನ್ನೇ ಮಕ್ಕಳೆಂದು ಕೂರಿಸಿಕೊಂಡು ಪೀಠಿಕೆ ಹಾಕುವುದು, ಪ್ರಶ್ನೆ ಕೇಳುವುದು, ಕಪ್ಪುಹಲಗೆಯ ಮೇಲೆ ಸಾಲು ಓರೆಯಾಗದಂತೆ ಬರೆಯುವುದು. ಆಮೇಲೆ ಪಾಠಯೋಜನೆ: ಉದ್ದೇಶ, ಬೋಧನಾಂಶ, ಚಟುವಟಿಕೆ, ಬೋಧನೋಪಕರಣ, ಮೌಲ್ಯಮಾಪನ ಎಂದು ಕಾಲಂ ಎಳೆದು ತುಂಬುವುದು. ಇತಿಹಾಸ ಓದಿ ಬಂದವರಿಗೆ ಇನ್ನೊಂದು ಬೆರಗು ಕಾದಿರುತ್ತದೆ. ಶಾಲೆಯಲ್ಲಿ ಇತಿಹಾಸ ಒಂದೇ ಇಲ್ಲ. ನಮ್ಮ ಪ್ರೌಢಶಾಲೆಯ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂದು ಆರು ಭಾಗ. ಕದಂಬರ ಮೇಲೆ ಎಂ.ಎ. ಪ್ರಬಂಧ ಬರೆದವಳು ಬ್ಯಾಂಕಿನ ವ್ಯವಹಾರವನ್ನೂ ಮಣ್ಣಿನ ಬಗೆಗಳನ್ನೂ ಹೇಳಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಇವೆಲ್ಲ ಸೇರಿ 80 ಅಂಕದ ಒಂದು ಪತ್ರಿಕೆ, ಆಂತರಿಕ ಮೌಲ್ಯಮಾಪನಕ್ಕೆ 20. ಈ ಲೆಕ್ಕದಲ್ಲಿ ಇಬ್ರಾಹಿಂ ಕುತುಬ್ ಶಾ ಆಶ್ರಯ ಪಡೆದ ಕಥೆಗೆ ಎಷ್ಟು ಅಂಕ ಎಂದು ಯಾರಾದರೂ ಕೇಳಿದರೆ ತಪ್ಪೇನಿಲ್ಲ.

ಈ ಇಕ್ಕಟ್ಟಿನ ಬಗ್ಗೆ ಎರಡು ದೂರುಗಳನ್ನು ಕೇಳುತ್ತಲೇ ಬಂದಿದ್ದೇವೆ. ಶಾಲೆಯ ಇತಿಹಾಸ ತೀರಾ ಪೊಳ್ಳು, ಅಲ್ಲಿ ಕಲಿತದ್ದನ್ನು ಮರೆಸುವುದೇ ನಮ್ಮ ಮೊದಲ ಕೆಲಸ ಎಂದು ಕಾಲೇಜಿನವರು ಹೇಳುತ್ತಾರೆ. ಕಾಲೇಜಿನ ಇತಿಹಾಸ ತರಗತಿಗೆ ಬರುವುದೇ ಇಲ್ಲ, ಮಕ್ಕಳಿಗೆ ಬೇಕಾದದ್ದು ಐದು ಪಾಯಿಂಟು ಎಂದು ಶಾಲೆಯವರು. ಶಾಲೆಗೆ ಹೋದ ಕೂಡಲೇ ಇತಿಹಾಸ ಏನನ್ನೋ ಕಳೆದುಕೊಳ್ಳುತ್ತದೆ, ಅದಕ್ಕೂ ಮೊದಲು ಅದು ಇಡಿಯಾಗಿತ್ತು ಎಂದು ಇಬ್ಬರೂ ಒಪ್ಪಿಕೊಂಡ ಹಾಗಿದೆ. ಅದು ಯಾವಾಗ ಇಡಿಯಾಗಿತ್ತು?

ಆತಕೂರಿನ ಕಲ್ಲನ್ನು ಕೇಳೋಣ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಈ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಕಾದಿದ್ದು, ಗಂಗರ ಇಮ್ಮಡಿ ಬೂತುಗ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದದ್ದು ಅದರಲ್ಲಿದೆ. ದಕ್ಷಿಣ ಭಾರತದ ಬಲಾಬಲವನ್ನೇ ಅಲುಗಿಸಿದ ಕಾಳಗ ಅದು. ಅದೇ ಕಲ್ಲು ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಆ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಬೂತುಗ, ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯನ್ನು ಬೆಟ್ಟದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಕಾದಾಡಿ ಸತ್ತವು. ಅದರ ನೆನಪಿಗೆ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಅಲ್ಲಿನ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಎಂದೂ ಬರೆಸಿದರು. ಕಲ್ಲಿನ ಮೇಲಿನ ಚಿತ್ರದಲ್ಲಿ ದೊರೆ ಇಲ್ಲ, ಆನೆ ಇಲ್ಲ. ನಾಯಿ ಹಂದಿಯ ಮೇಲೆ ಬಿದ್ದ ಕ್ಷಣವಿದೆ.

ರಾಜಕೀಯ ಚರಿತ್ರೆ ಬರೆಯುವವರು ಈ ಕಲ್ಲಿನಿಂದ ತಕ್ಕೋಲವನ್ನು ತೆಗೆದುಕೊಂಡರು, ಕಾಳಿಯನ್ನು ಅಡಿಟಿಪ್ಪಣಿಗೆ ಕಳಿಸಿದರು. ಕೆತ್ತಿಸಿದವರಿಗೆ ಮುಖ್ಯವಾಗಿದ್ದದ್ದು ಬೇರೆ. ಅಷ್ಟಕ್ಕೇ ಕಲ್ಲನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಕಲ್ಲೂ ಬಿಟ್ಟಿದೆ. ತಕ್ಕೋಲದಲ್ಲಿ ಸತ್ತ ಕಾಲಾಳುಗಳ ಹೆಸರು ಅದರಲ್ಲಿಲ್ಲ. ನಾಯಿಯ ಕಲ್ಲಿಗೆಂದು ಬಿಟ್ಟ ಹೊಲವನ್ನು ಉತ್ತವರು ಯಾರೆಂದು ಅದು ಹೇಳುವುದಿಲ್ಲ. ಚೋಳರ ಕಡೆಗೆ ಹೋದರೆ ಅದೇ ರಾಜಾದಿತ್ಯ ಆನೆಯ ಮೇಲೆ ಮಡಿದ ದೊರೆ ಎಂದು ಗೌರವ ಪಡೆದವನು. ಆ ಗೌರವಕ್ಕೆ ಆತಕೂರಿನಲ್ಲಿ ಜಾಗವಿಲ್ಲ. ಅಂದಮೇಲೆ ಬಿಡುವುದು ಶಾಲೆಯ ಮೇಷ್ಟರ ಹತ್ತಿರ ಶುರುವಾದ ರೋಗವಲ್ಲ. ಕೆತ್ತಿದವನು ಬಿಟ್ಟ, ಓದಿದವನು ಬಿಟ್ಟ, ಬರೆದವನು ಬಿಟ್ಟ. ಸಾಲಿನ ಕೊನೆಯಲ್ಲಿ ಸೀಮೆಸುಣ್ಣ ಹಿಡಿದು ನಿಂತವರು ಮೇಷ್ಟರು.

ಇತಿಹಾಸಕಾರ ಸಂಗತಿಗಳನ್ನು ಸಿಕ್ಕಿದಂತೆ ಜೋಡಿಸುವುದಿಲ್ಲ, ಆರಿಸುತ್ತಾನೆ ಎಂಬುದನ್ನು ಇ.ಎಚ್. ಕಾರ್ 1961ರ ತಮ್ಮ ಉಪನ್ಯಾಸಗಳಲ್ಲಿ ವಾದಿಸಿದರು. ಇತಿಹಾಸದ ಎಂ.ಎ. ಓದಿದವರೆಲ್ಲ ಅದರ ಮೇಲೆ ಪ್ರಬಂಧ ಬರೆದು ಪಾಸಾಗಿರುತ್ತಾರೆ. ಅದರ ಅರ್ಥ ನಮ್ಮ ನೆಲದಲ್ಲಿ ಕಾಣಬೇಕಾದರೆ ಶಾಸನಗಳ ಓದನ್ನೇ ನೋಡಬೇಕು. ಬಿ.ಎಲ್. ರೈಸ್ ಊರೂರು ಸುತ್ತಿ ಸಾವಿರಾರು ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳನ್ನು ಹೊರತಂದಾಗ ಅವುಗಳಿಂದ ಮುಖ್ಯವಾಗಿ ಕಟ್ಟಿದ್ದು ರಾಜವಂಶಗಳ ಸರಣಿ. ಆಮೇಲೆ ಎಂ. ಚಿದಾನಂದಮೂರ್ತಿಯವರು 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಕೈಗೊಂಡಾಗ ಅಂಥವೇ ಕಲ್ಲುಗಳಿಂದ ಜನರ ಬದುಕು, ನಂಬಿಕೆ, ಬಲಿದಾನ, ದತ್ತಿ ಎದ್ದುಬಂದವು. ಕಲ್ಲು ಬದಲಾಗಿರಲಿಲ್ಲ, ಕೇಳಿದ ಪ್ರಶ್ನೆ ಬದಲಾಗಿತ್ತು. ಮೊದಲಿನವರು ಬಿಟ್ಟದ್ದು ಮುಂದಿನವರಿಗೆ ಸಿಕ್ಕಿತು. ಅಕ್ಕಿ ಕೇರುವ ಹೆಂಗಸು ಮೊರದಿಂದ ಹಾರಿಸಿದ್ದನ್ನು ಎಸೆಯುವುದಿಲ್ಲ. ತೌಡು ದನಕ್ಕೆ, ನುಚ್ಚು ಇನ್ನೊಂದು ದಿನದ ಅಡುಗೆಗೆ. ಬಿಟ್ಟದ್ದು ಎಲ್ಲಿ ಬಿದ್ದಿದೆ ಎಂದು ಗೊತ್ತಿದ್ದರೆ ಬಿಡುವುದು ತಪ್ಪಲ್ಲ.

ಹಾಗೆಂದು ಬಿಡುವುದೆಲ್ಲ ಒಂದೇ ತೂಕದ್ದಲ್ಲ. ಹೊತ್ತು ಸಾಲದೆ ಬಿಡುವುದು ಒಂದು. ಮಕ್ಕಳ ವಯಸ್ಸು ನೋಡಿ ಬಿಡುವುದು ಇನ್ನೊಂದು. ಹೆದರಿಕೆಗೋ ಅನುಕೂಲಕ್ಕೋ ಬಿಡುವುದು ಮತ್ತೊಂದು. ಮೊದಲನೆಯದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೂರನೆಯ ಕೃಷ್ಣನ ದಂಡಯಾತ್ರೆಗಳನ್ನೆಲ್ಲ ಒಂದು ಪೀರಿಯಡ್‌ನಲ್ಲಿ ಹೇಳಲು ಯಾರಿಗೂ ಆಗದು.

ಎರಡನೆಯದು ಕಷ್ಟದ್ದು. ಹನ್ನೆರಡನೆಯ ಶತಮಾನದ ಕಲ್ಯಾಣದ ಪಾಠ ಬರುತ್ತದೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತು, ಅದಕ್ಕಾಗಿ ಆ ತಂದೆಯರಿಗೆ ಎಳೆಹೂಟೆಯ ಶಿಕ್ಷೆಯಾಯಿತು ಎಂದು ಶರಣ ಪರಂಪರೆ ಹೇಳುತ್ತದೆ. ಆನೆಯ ಕಾಲಿಗೆ ಕಟ್ಟಿ ಎಳೆಸಿದ ವಿವರವನ್ನು ಏಳನೆಯ ತರಗತಿಯಲ್ಲಿ ಬಿಡಿಸಿ ಹೇಳುವ ಅಗತ್ಯವಿಲ್ಲ. ಬಿಟ್ಟರೆ ಪಾಠಕ್ಕೆ ಊನವಿಲ್ಲ. ಆದರೆ ಶಿಕ್ಷೆ ಏಕಾಯಿತು ಎಂಬುದನ್ನು ಬಿಡುವಂತಿಲ್ಲ. ಆ ಮದುವೆ ಜಾತಿಯ ಗೆರೆ ದಾಟಿತ್ತು. ತರಗತಿಯ ಒಂದೇ ಬೆಂಚಿನಲ್ಲಿ ಗೆರೆಯ ಆಚೆಯ ಮಗುವೂ ಈಚೆಯ ಮಗುವೂ ಒತ್ತಿಕೊಂಡು ಕೂತಿರುತ್ತವೆ. ಮುಜುಗರವೆಂದು 'ಕೆಲವು ಕಾರಣಗಳಿಂದ' ಎಂದು ಮೇಷ್ಟರು ನುಂಗಿಕೊಂಡರೆ, ಕಾರಣ ಗೊತ್ತಿರುವ ಮಗುವಿಗೆ ಗುರುಗಳು ನುಂಗಿದ್ದು ಗೊತ್ತಾಗಿಬಿಡುತ್ತದೆ. ಕ್ರೌರ್ಯದ ವಿವರವನ್ನು ಮುಂದಕ್ಕೆ ಹಾಕಬಹುದು, ಕ್ರೌರ್ಯದ ಕಾರಣವನ್ನು ಹಾಕಬಾರದು. ಈ ವಿವೇಕಕ್ಕೆ ಪಾಠಯೋಜನೆಯಲ್ಲಿ ಕಾಲಂ ಇಲ್ಲ.

ಮೂರನೆಯ ಬಗೆಯದು ಬೀದಿಗೆ ಬಂದ ವಿಷಯ. ನಮ್ಮ ರಾಜ್ಯದಲ್ಲಿ 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ಸುತ್ತ ನಡೆದ ಗದ್ದಲವನ್ನು ಎಲ್ಲರೂ ನೋಡಿದ್ದಾರೆ. 2023ರಲ್ಲಿ ಸರ್ಕಾರ ಬದಲಾದ ಮೇಲೆ ಮತ್ತೆ ಕೆಲವು ಪಾಠಗಳು ಹೋದವು, ಕೆಲವು ಬಂದವು. ಈ ಜಗ್ಗಾಟದಲ್ಲಿ ಯಾವ ಪಕ್ಷ ಎಷ್ಟು ಸರಿ ಎಂಬ ತೀರ್ಪು ಇಲ್ಲಿ ಬೇಡ. ಪುಸ್ತಕದಲ್ಲಿ ಏನಿದೆ, ಏನಿಲ್ಲ ಎಂಬುದಕ್ಕಷ್ಟೇ ಹೋರಾಡಿದವರು, ಪುಸ್ತಕ ಹಿಡಿದು ನಿಂತವರು ಅದನ್ನು ಹೇಗೆ ಹೇಳಬೇಕೆಂದು ಕೇಳಿದ್ದು ಕಡಿಮೆ. ಯಾವ ಸಮಿತಿ ಬರೆದ ಪುಸ್ತಕವಾದರೂ ಒಂದನ್ನು ಆರಿಸಿ ಇನ್ನೊಂದನ್ನು ಬಿಟ್ಟೇ ಇರುತ್ತದೆ. ಆರಿಸಿದ್ದೇನೆ ಎಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ. ಇದಿಷ್ಟೇ ಇರುವುದು ಎನ್ನುವುದು ಮೋಸ. ಆಲೂರು ವೆಂಕಟರಾಯರು 1917ರಲ್ಲಿ ಪುಸ್ತಕ ಬರೆದು ಅದಕ್ಕೆ 'ಕರ್ನಾಟಕ ಗತವೈಭವ' ಎಂದೇ ಹೆಸರಿಟ್ಟರು. ಹರಿದು ಹಂಚಿಹೋಗಿದ್ದ ಕನ್ನಡಿಗರನ್ನು ಎಬ್ಬಿಸಲು ವೈಭವವನ್ನು ಹೇಳುತ್ತೇನೆ ಎಂದು ಅವರು ಮುಖಪುಟದಲ್ಲೇ ಸಾರಿದ್ದರು. ಓದುವವನಿಗೆ ಕೈಯಲ್ಲಿರುವುದು ಏನೆಂದು ಗೊತ್ತಿತ್ತು. ತನ್ನ ಆಯ್ಕೆಯನ್ನು ಬಚ್ಚಿಟ್ಟು 'ಸಂಪೂರ್ಣ ಸತ್ಯ' ಎಂದು ಮೊಹರು ಹಾಕಿಕೊಂಡ ಪಾಠಕ್ಕಿಂತ ಅದು ಎಷ್ಟೋ ವಾಸಿ.

ಹಾಗಾದರೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು? ಅಳೆಯಲು ಒಂದು ದಾರಿ ನನಗೆ ಕಾಣುತ್ತದೆ. ನಾನು ಇವತ್ತು ಬಿಟ್ಟದ್ದನ್ನು ಈ ಮಗು ಹತ್ತು ವರ್ಷದ ಮೇಲೆ ಬೇರೆಲ್ಲೋ ಓದುತ್ತದೆ ಎಂದುಕೊಳ್ಳೋಣ. ಆಗ ನಾನು ಹೇಳಿದ್ದು ಬೆಳೆಯಬೇಕು, ಬೀಳಬಾರದು. ಅಶೋಕ ಬಂಡೆಯ ಮೇಲೆ ಬರೆಸಿದ ಎಂದು ಕಲಿತವನಿಗೆ ಮಸ್ಕಿಯ ಕಥೆ ಸಿಕ್ಕರೆ ಕಲಿತದ್ದು ಬೆಳೆಯುತ್ತದೆ. ರಕ್ಕಸ-ತಂಗಡಿ ಎರಡು ಧರ್ಮಗಳ ನಡುವಿನ ಕದನ, ಅಷ್ಟೇ ಎಂದು ಕಲಿತವನಿಗೆ ಇಬ್ರಾಹಿಂ ವಿಜಯನಗರದಲ್ಲಿ ಆಶ್ರಯ ಪಡೆದದ್ದು ಗೊತ್ತಾದರೆ ಕಲಿತದ್ದು ಬಿದ್ದುಹೋಗುತ್ತದೆ, ಜೊತೆಗೆ ಕಲಿಸಿದವರ ಮೇಲಿನ ನಂಬಿಕೆಯೂ ಬೀಳುತ್ತದೆ. ಅದಕ್ಕೇ ಆ ಹತ್ತು ನಿಮಿಷದಲ್ಲಿ ಯುದ್ಧದ ಪರಿಣಾಮಗಳಲ್ಲಿ ಐದನೆಯ ಪಾಯಿಂಟನ್ನು ಬಿಟ್ಟಾದರೂ ಆ ಒಂದು ಸಂಗತಿ ಹೇಳಬೇಕು. ಮಗುವಿನ ತಲೆಯಲ್ಲಿ ಗೋಡೆ ಏಳುವ ಮೊದಲೇ ಅದರಲ್ಲಿ ಒಂದು ಬಾಗಿಲು ಇಟ್ಟಂತಾಗುತ್ತದೆ.

ಸಮಾಜ ವಿಜ್ಞಾನದ ಆರು ಭಾಗಗಳೂ ಹೊರೆಯೆಂದು ಕಾಣುವುದು ಇಲ್ಲಿ ತಪ್ಪುತ್ತದೆ. ಆತಕೂರಿನ ಕಲ್ಲನ್ನೇ ತರಗತಿಗೆ ತಂದರೆ, ಮಂಡ್ಯದ ಕಡೆಯ ದಳ ತಮಿಳುನಾಡಿನ ತಕ್ಕೋಲದವರೆಗೆ ಹೋದ ದಾರಿಯನ್ನು ನಕ್ಷೆಯಲ್ಲಿ ಹುಡುಕುವುದು ಭೂಗೋಳ. ಭೂಮಿಯ ದತ್ತಿ ಎಂದರೇನು, ಅದರ ಹುಟ್ಟುವಳಿ ಯಾರಿಗೆ ಸೇರುತ್ತದೆ ಎಂಬುದು ಅರ್ಥಶಾಸ್ತ್ರ. ಪಕ್ಕದ ಕೊಠಡಿಯಲ್ಲಿ ಕನ್ನಡ ಮೇಷ್ಟರು ಹಲಗಲಿಯ ಬೇಡರ ಲಾವಣಿ ಪಾಠ ಮಾಡುತ್ತಿರುತ್ತಾರೆ. 1857ರಲ್ಲಿ ಆಯುಧ ಒಪ್ಪಿಸುವುದಿಲ್ಲ ಎಂದು ತಿರುಗಿಬಿದ್ದ ಆ ಊರಿಗೆ ಸಮಾಜ ವಿಜ್ಞಾನದಲ್ಲಿ ಸಿಗುವುದು ಸಣ್ಣ ಜಾಗ. ಹಾಡಿನಲ್ಲಿ ಊರಿಗೆ ಊರೇ ಇದೆ. ಆ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್. ಆ ಊರಿನ ಮೇಲೆ ಸೈನ್ಯ ಕಳಿಸಿದ ಆಡಳಿತದವರೇ ಆ ಊರಿನ ಹಾಡನ್ನೂ ಉಳಿಸಿದರು ಎಂಬುದು ಒಂದು ತರಗತಿಗೆ ಸಾಲುವಷ್ಟು ಪ್ರಶ್ನೆ. ಒಂದು ವಿಷಯ ಬಿಟ್ಟದ್ದು ಇನ್ನೊಂದು ವಿಷಯದಲ್ಲಿ ಇದೆ ಎಂದು ತೋರಿಸುವುದಕ್ಕೆ ಹೆಚ್ಚಿನ ಪೀರಿಯಡ್ ಬೇಡ, 'ಕನ್ನಡ ಪುಸ್ತಕ ತೆಗೆಯಿರಿ' ಎಂಬ ಮಾತು ಸಾಕು.

ಫ್ರಾನ್ಸಿನ ಇತಿಹಾಸಕಾರ ಮಾರ್ಕ್ ಬ್ಲಾಕ್ ಎರಡನೆಯ ಮಹಾಯುದ್ಧದ ನಡುವೆ, ನಾಜಿ ಆಕ್ರಮಣದ ದಿನಗಳಲ್ಲಿ, ತನ್ನ ಕಸುಬಿನ ಬಗ್ಗೆ ಒಂದು ಪುಸ್ತಕ ಬರೆಯತೊಡಗಿದ. ಇತಿಹಾಸದಿಂದ ಏನು ಪ್ರಯೋಜನ ಎಂದು ಒಬ್ಬ ಹುಡುಗ ತನ್ನ ಇತಿಹಾಸಕಾರ ತಂದೆಯನ್ನು ಕೇಳಿದ ಪ್ರಶ್ನೆಯಿಂದ ಅದು ಶುರುವಾಗುತ್ತದೆ. ಬ್ಲಾಕ್ ಪ್ರತಿರೋಧ ಚಳವಳಿಗೆ ಸೇರಿದ. 1944ರ ಜೂನ್‌ನಲ್ಲಿ ಗೆಸ್ಟಪೊ ಅವನನ್ನು ಗುಂಡಿಟ್ಟು ಕೊಂದಿತು. ಪುಸ್ತಕ ಅಪೂರ್ಣವಾಗಿಯೇ ಉಳಿದು, 1949ರಲ್ಲಿ ಅಚ್ಚಾಯಿತು. ಅಷ್ಟು ದೊಡ್ಡ ವಿದ್ವಾಂಸ ತನ್ನ ಕಸುಬಿನ ಲೆಕ್ಕವನ್ನು ಒಂದು ಮಗುವಿಗೆ ಒಪ್ಪಿಸಬೇಕು ಎಂದುಕೊಂಡ. ಸಂಶೋಧನೆಯ ಕೊನೆಯ ಪರೀಕ್ಷಕ ವಿಶ್ವವಿದ್ಯಾಲಯದಲ್ಲಿಲ್ಲ, ಶಾಲೆಯ ಬೆಂಚಿನಲ್ಲಿದ್ದಾನೆ ಎಂದು ಇದರಿಂದ ನಾನು ಅರ್ಥಮಾಡಿಕೊಳ್ಳುತ್ತೇನೆ. ಹಾಗಿದ್ದರೆ ಬಿ.ಎ.ಯಿಂದ ಬಿ.ಎಡ್.ಗೆ ಹೋಗುವುದು ಮೇಲಿನಿಂದ ಕೆಳಗೆ ಇಳಿಯುವುದಲ್ಲ. ಕಲಿತದ್ದನ್ನು ಲೆಕ್ಕ ಒಪ್ಪಿಸುವ ಜಾಗಕ್ಕೆ ಹೋಗುವುದು.

ಈಗ ಇತಿಹಾಸ ಓದುತ್ತಿರುವವರಿಗೆ, ಟಿಇಟಿಗೆ ಓದುತ್ತಾ ನಾಳೆ ಸಮಾಜ ವಿಜ್ಞಾನದ ತರಗತಿಗೆ ಕಾಲಿಡಲಿರುವವರಿಗೆ ಒಂದು ಮಾತು. ಪದವಿಯ ನೋಟ್ಸುಗಳನ್ನು ಪರೀಕ್ಷೆ ಮುಗಿಯಿತೆಂದು ಹಳೇ ಪೇಪರಿನವರಿಗೆ ಕೊಡಬೇಡಿ. ಮುಂದೆ ನೀವು ಬಿಡಬೇಕಾದದ್ದೆಲ್ಲ ಅದರಲ್ಲಿದೆ, ತಿಳಿಯದೆ ಏನನ್ನೂ ಬಿಡಲು ಬರುವುದಿಲ್ಲ. ತಿಳಿದು ಬಿಟ್ಟವರು ಮೇಷ್ಟರು. ತಿಳಿಯದೆ ಬಿಟ್ಟವರು ಗೈಡು ಓದುವವರು. ಪಾಠಯೋಜನೆ ಬರೆಯುವಾಗ ಇರುವ ಕಾಲಂಗಳ ಕೊನೆಗೆ ನಿಮ್ಮ ಕೈಯಿಂದಲೇ ಇನ್ನೊಂದು ಗೆರೆ ಎಳೆದು, 'ಇಂದು ಬಿಟ್ಟದ್ದು' ಎಂದು ತಲೆಬರಹ ಕೊಟ್ಟು, ಒಂದೇ ಸಾಲು ಬರೆಯಿರಿ: ಏನು ಬಿಟ್ಟೆ, ಏಕೆ ಬಿಟ್ಟೆ. ಮೇಲ್ವಿಚಾರಕರು ಅದಕ್ಕೆ ಅಂಕ ಕೊಡಲಿಕ್ಕಿಲ್ಲ. ಏಕೆ ಬಿಟ್ಟೆ ಎಂಬಲ್ಲಿ 'ಹೊತ್ತಿರಲಿಲ್ಲ' ಎಂದೋ 'ಮುಂದಿನ ತರಗತಿಗೆ' ಎಂದೋ ಬರೆಯಲು ಬಂದರೆ ನಿಶ್ಚಿಂತೆಯಿಂದ ಪಾಠ ಮಾಡಿ. 'ಹೆದರಿಕೆಯಾಯಿತು' ಎಂದು ಬರೆಯಬೇಕಾಗಿ ಬಂದ ದಿನ, ಆ ಪಾಠವನ್ನು ಇನ್ನೊಮ್ಮೆ ತಯಾರಿ ಮಾಡಿಕೊಂಡು ಹೋಗಿ.